ಕಲ್ಲಾದ ರಾಜಕುಮಾರಿ

ಶಮಶಾದ,

ಇದನ್ನ ಯಾವ ಊರಿಗೆ ಕಳಸಬೇಕಂತ ನಿಮ್ಮಪ್ಪ ದಸ್ತಗೀರಸಾಬಗೂ ಗೊತ್ತಿಲ್ಲ. ಆದ್ರೂ ಹೇಳದ ಇರಾಕ ಆಗವಲ್ದು.

ಇವತ್ತ ಡಂಬಳದಾಗ ಮೆರವಣಿಗಿ. ಕರ್ನಾಟಕ ಒಂದಾತು, ನೀ ಮದಿವ್ಯಾಗಿ ಹೋದ ಕೊಪ್ಪಳ ಸೀಮಿನೂ ನಮ್ಮದಾತು ಅಂತ ಹಲಗಿ ಬಡಿಯಾಕ ಹತ್ಯಾರ. ಒಳಗ ಹಾಸಿಗಿ ಹಿಡದ ಅವ್ವ, "ಆ ಮಾಂತ್ರಿಕನ ಕತಿ ಓದು" ಅಂದ್ಲು.

ಯಾರು ಮೊದಲ ಓದಬೇಕಂತ ಜಗಳಾಡಿ, ಹೊಲಿಗಿ ಬಿಚ್ಚಿ ನಾವಿಬ್ಬರೂ ಎರಡು ಭಾಗ ಮಾಡ್ಕೊಂಡ ಕಾದಂಬರಿ ಅದು. ತವರಿಗೆ ಬಂದಾಗ ಅದಲಿ ಬದಲಿ ಮಾಡೂಣಂತ ಕಡೀ ಭಾಗ ನೀ ಒಯ್ದಿ. ನಿಜಾಮನ ರಾಜ್ಯ ಬಿದ್ದ ಆ ಗದ್ದಲದ ವರ್ಷದಿಂದ ನಿನ್ನ ಖಬರ ಇಲ್ಲ.

ನನ್ನ ಭಾಗ ರಾಜಕುಮಾರಿ ಕಲ್ಲಾಗೂದಕ್ಕ ಮುಗೀತು. ಮುಚ್ಚಾಕ ಹೋದೆ, ಅವ್ವ ಕೈ ಹಿಡದ್ಲು. "ಸಂಕಟದಾಗ ಪುರಾಣ ನಿಲ್ಲಸ್ತಾರೇನ ಯವ್ವಾ? ಆಕಿನ್ನ ಬಿಡಿಸಿ ಮುಚ್ಚು."

"ಬಿಡಿಸಿದ್ರವ್ವ."

"ಹೆಂಗ?"

ನಾ ಕಡೀ ಹಾಳಿನ ಮತ್ತ ತಿರುವಿದೆ.

"ನಿನಗ ಗೊತ್ತಿಲ್ಲ ಬಿಡು. ಶಮಶಾದ ಓದಿರತಾಳ, ಕರಿ ಆಕಿನ್ನ."

ಆಮ್ಯಾಲೆ ಅವ್ವ ಮಾತಾಡಿಲ್ಲ. ಉಸರು ಅಷ್ಟ ಐತಿ. ಪುಸ್ತಕ ತೆರದಂಗ ತೊಡಿ ಮ್ಯಾಲೆ ಇಟ್ಕೊಂಡು ಕುಂತೇನಿ.

ಖರೆ ಹೇಳು, ಶಮಶಾದ. ಆಕಿ ಹೊರಗ ಬಂದ್ಲೇನ?