ಆನೆಗಾಗಿ ಕಾದ ಎಂಟು ಎಕರೆ

ಜನವರಿ 6, ಬೆಳಿಗ್ಗೆ 7
ಹೆಂಡತಿ ಮೋನಮ್ಮ ಆರರ ಬಸ್ಸಿಗೆ ಕಡೇಚೂರಿನ ಫ್ಯಾಕ್ಟರಿಗೆ ಹೋದಳು. ಅವಳ ಕಾಲು ನೋಡಲಾಗುವುದಿಲ್ಲ, ಊದಿವೆ. ಎಂಟು ತಾಸು ನಿಂತೇ ಕೆಲಸ. ಸೋಲಾರ್ ಕಂಪನಿಗೆ ಹೊಲ ಕೊಟ್ಟರೆ ನನ್ನ ಪಾಲಿಗೆ ತಿಂಗಳಿಗೆ ಹತ್ತು ಸಾವಿರ ಬಾಡಿಗೆ — ಅವಳ ಪಗಾರದಷ್ಟೇ. ಕೆಲಸ ಬಿಡಿಸಬಹುದು. ಆದರೆ ಎಂಟು ಎಕರೆ ಜಂಟಿ. ಅಣ್ಣ ಅಮೋಘಸಿದ್ದನ ಸಹಿ ಬೇಕು. ಅವನಿಗೆ ಶಹಾಪುರ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹೇಳಿದ್ದಾರೆ: ಅಣುಸ್ಥಾವರ ಬರುತ್ತದಂತೆ, ಸರ್ಕಾರ ಹೊಲಕ್ಕೆ ಕೋಟಿ ಕೊಡುತ್ತದಂತೆ.

ಜನವರಿ 9
ಊಟಕ್ಕೆ ಕೂತಾಗ ಕಥೆ ಕಟ್ಟಿದೆ.
"ಅಣ್ಣಾ, ಒಬ್ಬಾಂವ ಆನಿ ಸಾಕ್ತೀನಿ ಅಂದ. ಲಾಯ ಕಟ್ಟೂದ್ರಾಗ ಹನ್ನೆರಡು ವರ್ಷ ಹೋತು, ಖರ್ಚು ಮೂರು ಪಟ್ಟಾತು. ಇನ್ನೊಬ್ಬಾಂವ ನಾಕು ಕುರಿ ತಂದ, ವರ್ಷದಾಗ ಮರಿ ಮಾರಿದ. ಅಣು ಆನಿ, ಸೋಲಾರ್ ಕುರಿ."
"ಹೊತ್ತು ಮುಳುಗಿದ ಮ್ಯಾಲ ನಿನ್ನ ಕುರಿ?"
"ಬ್ಯಾಟರಿ ಕೂಡಸ್ತಾರ."
"ಎಷ್ಟು ತಾಸು?"
"ನಾಕು."
"ಆಷಾಢದ ಮೋಡ ನಾಕು ದಿನ ಇರ್ತದಲೇ ತಮ್ಮಾ. ಆನಿ ಮಳಿಯಾಗೂ ನಿಂತಿರ್ತದ."
ಅತ್ತಿಗೆ ರೇಣಮ್ಮ ಮಜ್ಜಿಗೆ ಬಡಿಸುತ್ತ, "ಕಥಿ ಹೇಳಾವನ ಬಾಯಿ ಬಂದ್ ಆತು ನೋಡ್ರಿ" ಅಂದಳು.

ಫೆಬ್ರವರಿ 3
ಯಾದಗಿರಿಯ ಡಿಸಿ ಕಚೇರಿಯಲ್ಲಿ ವಿಚಾರಿಸಿದೆ. ಅಣುಸ್ಥಾವರದ ಫೈಲೇ ಇಲ್ಲ. ಬಂದರೂ ಕರೆಂಟ್ ಹರಿಯಲು ಹತ್ತು–ಹದಿನೈದು ವರ್ಷ. "ನಿನಗ ತೋರಿಸ್ತಾರೇನು ಫೈಲು?" ಅಂದ ಅಣ್ಣ. ಆಮೇಲೆ ತಾನೇ ಸಣ್ಣ ದನಿಯಲ್ಲಿ, "ಮೋನವ್ವ ಕುಂಟಾಕತ್ತಾಳ. ಹುಣ್ಣಿಮಿ ಮುಗೀಲಿ, ಸಹಿ ಹಾಕ್ತೀನಿ."

ಫೆಬ್ರವರಿ 19
ಕಂಪನಿಯ ಅಮೀನುದ್ದೀನ ಬಂದ. ಅಣ್ಣ ಪೆನ್ನು ಹಿಡಿದೇ ಕೂತಿದ್ದ. ಅಮೀನುದ್ದೀನ ಪಹಣಿ ನೋಡಿ ಕಾಗದ ಮಡಚಿದ.
"ಮಾವಿನ ತೋಟ ಅಂತ ಅದಲ್ರಿ. ನಾವು ಬೀಳು ಹೊಲ ಅಷ್ಟೇ ತಗೋತೀವ್ರಿ."
ದೀಪಾವಳಿಗೆ ಅಣ್ಣ ಇನ್ನೂರು ಮಾವಿನ ಸಸಿ ನೆಟ್ಟದ್ದು ಗೊತ್ತಿತ್ತು. ಕುಣಿ ತೋಡಿದವನು ನಾನೇ. ಸರ್ಕಾರ ಹೊಲ ತೆಗೆದುಕೊಂಡರೆ ಗಿಡಕ್ಕೆ ಬೇರೆ ಪರಿಹಾರವೆಂದು ಅವನು ಪಹಣಿಯಲ್ಲಿ ತೋಟವೆಂದೇ ಬರೆಸಿದ್ದು ಗೊತ್ತಿರಲಿಲ್ಲ.
"ತೆಗಸ್ತೀನ್ರಿ" ಅಂದ ಅಣ್ಣ.
"ಮೂರು ತಿಂಗಳು ಹಿಡೀತದ್ರಿ. ನಾವು ಹೊಲ ತಗೊಳ್ಳೂದು ಈ ತಿಂಗಳಿಗೆ ಬಂದ್."

ಮಾರ್ಚ್ 11
ಸೋಲಾರ್ ಬೇಲಿಯ ಕಂಬಗಳು ನಮ್ಮ ಹೊಲ ಬಿಟ್ಟು ಸುತ್ತು ಹಾಕಿ ಹೋದವು. ಮೋನಮ್ಮ ಬುತ್ತಿ ಕಟ್ಟುತ್ತ "ಇರ್ಲಿ ಬಿಡ್ರಿ" ಅಂದಳು. ಬೈದಿದ್ದರೆ ಚಲೋ ಇತ್ತು.

ಮಾರ್ಚ್ 14, ಸಂಜೆ
ಅಣ್ಣನ ಜೊತೆ ಮಾತು ಬಿಟ್ಟಿದ್ದೇನೆ. ತಮ್ಮನ ಹೆಂಡತಿಯ ಎದುರಿಗೇ ನಿಲ್ಲದವನು, ಈಗ ದಿನಾ ಅವಳ ಬುತ್ತಿಚೀಲ ಹಿಡಿದು ಹತ್ತು ಹೆಜ್ಜೆ ಹಿಂದೆ ಬಸ್ಸಿನವರೆಗೂ ನಡೆಯುತ್ತಾನೆ. ಇವತ್ತು ಕಿಟಕಿಯಿಂದ ಟವಲು ಹಾಕಿ ಸೀಟು ಹಿಡಿದನಂತೆ. ಅವಳೇ ಹೇಳಿದಳು. ಇಂಥವನ ಮೇಲೆ ಸಿಟ್ಟು ಎಷ್ಟು ದಿನ —