ಸ್ಪ್ಯಾನರ್ ಮುಟ್ಟದ ನಟ್ಟುಗಳು

ಜೂನ್ ೧೭, ಮಂಗಳವಾರ

ಯಾರೂ ಮುಟ್ಟದ ಹಿತ್ತಾಳೆ ನಟ್ಟು ತಾನಾಗಿಯೇ ಹೇಗೆ ಬಿರುಕು ಬಿಡುತ್ತದೆ? ಬೆಳಗಿನಿಂದ ಯೋಚಿಸಿ ತಲೆ ಕೆಟ್ಟು ಗೊಬ್ಬರವಾಗಿದೆ.

ಕೋಳಿ ಫಾರಂ ನಡೆಸುವ ಅಕ್ಕ ಬಂದು, ತನ್ನ ಕೋಳಿ ಶೆಡ್ಡಿನಲ್ಲಿಟ್ಟಿದ್ದ, ನಮ್ಮ ಕಾರ್ಖಾನೆಯ ಸೀಲು ಒಡೆಯದ ರಟ್ಟಿನ ಡಬ್ಬವೊಂದನ್ನು ನನ್ನ ಮೇಜಿನ ಮೇಲೆಯೇ ಬಿಚ್ಚಿ ಸುರಿದಳು. ನಲವತ್ತರಲ್ಲಿ ಹನ್ನೊಂದು ನಟ್ಟಿಗೆ ಕೂದಲೆಳೆಯಷ್ಟು ಬಿರುಕು. "ಇದಕ್ಕೂ ನಮ್ಮ ಫಿಟ್ಟರ್ ಕೈ ಭಾರಾನೇ ಕಾರಣ ಅಂತೀರಾ ಅಣ್ಣಾ?" ಹೋದ ತಿಂಗಳು ಅವಳ ನೀರಿನ ಪೈಪಿನ ನಟ್ಟುಗಳು ಬಿರಿದಾಗ, ಫಿಟ್ಟರ್ ಅತಿಯಾಗಿ ತಿರುಗಿಸಿ ಬಿಗಿದಿದ್ದಾನೆ ಎಂದವನು ನಾನೇ. ನನ್ನ ಮಾತು ನಂಬಿ ಅವನನ್ನು ಕೆಲಸದಿಂದ ತೆಗೆದಿದ್ದಾಳೆ.

ಆದರೆ ಒಟ್ಟಿಗೇ ತಯಾರಾದ ಅದೇ ಲಾಟಿನ ನಟ್ಟುಗಳು ನನ್ನ ಗೋದಾಮಿನಲ್ಲಿ ಮದುಮಕ್ಕಳ ಹಾಗೆ ಹೊಳೆಯುತ್ತ ಕೂತಿವೆ. ಇದು ಯಾವ ಸೀಮೆ ಲೆಕ್ಕ?

ನಮ್ಮ ಭಟ್ಟಿ ನೋಡಿಕೊಳ್ಳುವ ಅಜ್ಜನನ್ನು ಕೇಳಿದೆ. "ಒತ್ತಿ ರೂಪ ಕೊಟ್ಟ ಹಿತ್ತಾಳೆ ಒಳಗೇ ಬಿಗಿ ಇಟ್ಕೊಂಡಿರುತ್ತೆ ಯಜಮಾನ್ರೇ. ಒಂದು ಗಂಟೆ ಹದವಾದ ಬಿಸೀಲಿಟ್ರೆ ಇಳಿಯುತ್ತೆ. ಇಳಿಸದೇ ಕಳಿಸಿದ್ರೆ, ಕೋಳಿ ಹಿಕ್ಕೆ ಘಾಟು ರಟ್ಟು ದಾಟಿ ತಾಗಿದ್ದೇ ನೆಪ, ಬಿರಿಯುತ್ತೆ."

"ಮೊದಲೇ ಹೇಳೋಕೆ ಏನು ಧಾಡಿ?"

"ಹೇಳಿದ್ದೆ. ಹೊಳಪು ಹೋಗುತ್ತೆ, ಭಟ್ಟಿ ಆರಿಸು ಅಂತ ನೀವೇ ಅಂದ್ರಲ್ಲ."

ಅಂದಿದ್ದು ನಿಜ. ಆದರೂ ಪೂರ್ತಿ ತಲೆಗೆ ಹೋಗುತ್ತಿಲ್ಲ. ಬಿಗಿಯೂ ಬೇಕಂತೆ, ಘಾಟೂ ಬೇಕಂತೆ. ಎರಡೂ ಸೇರಿದರೇ ಬಿರಿಯುವುದಂತೆ. ಹಾಗಾದರೆ ತಪ್ಪು ಅರ್ಧ ನನ್ನದು, ಅರ್ಧ ಕೋಳಿಗಳದ್ದೇ? ಅದೇ ಡಬ್ಬದ ಉಳಿದ ಇಪ್ಪತ್ತೊಂಬತ್ತು ಯಾಕೆ ಸುಮ್ಮನಿವೆ? ನಾಳೆ ಬಿರಿಯುತ್ತವೋ ಏನೋ.

ಫಿಟ್ಟರನ ಪಾಲು ಮಾತ್ರ ಸೊನ್ನೆ. ಅಷ್ಟು ಗೊತ್ತು. ನಾಳೆ ಅವನ ಮನೆಗೆ ಹೋಗಬೇಕು. ಕಲ್ಲನ್ನೂ ಮಾತಲ್ಲೇ ಮಾರುವವನು ನಾನು, ಬಾಗಿಲಲ್ಲಿ ನಿಂತು ಏನು ಹೇಳುವುದೆಂದು ನಾಲ್ಕು ಸಲ ಬರೆದು ಹೊಡೆದುಹಾಕಿದೆ. ಐದನೇ ಸಲ ಇಷ್ಟು ಉಳಿದಿದೆ: ನಿನ್ನ ಕೈ ಭಾರ ಇರಲಿಲ್ಲಪ್ಪಾ, ನಾನೇ ಭಟ್ಟಿ ಆರಿಸಿದ್ದು.