ಹುಲ್ಲು ಸುತ್ತುವ ಯಂತ್ರಕ್ಕೆ ಸೀಲು ಹಾಕಿದವರಿಗೆ

ಕಟ್ಟಡ ಪರವಾನಗಿ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಕಳೆದ ಸೋಮವಾರ ನೀವು ಸೀಲು ಹಾಕಿಸಿರುವುದು ಹುಲ್ಲು ಸುತ್ತುವ ಯಂತ್ರಕ್ಕೆ. ಇಟ್ಟಿಗೆ ಮಾಡುವ ಯಂತ್ರಕ್ಕಲ್ಲ, ಕಾಂಕ್ರೀಟು ಕಲೆಸುವ ಯಂತ್ರಕ್ಕೂ ಅಲ್ಲ. ಟ್ರ್ಯಾಕ್ಟರಿನ ಹಿಂದೆ ತೂಗುತ್ತಾ ಸಾಗಿ, ನೆಲದ ಮೇಲಿನ ಒಣಹುಲ್ಲನ್ನು ಬಾಚಿಕೊಂಡು, ಹೊಟ್ಟೆಯೊಳಗಿನ ಬೆಲ್ಟುಗಳ ನಡುವೆ ಸುತ್ತಿ, ಹುರಿ ಬಿಗಿದು, ಹಿಂಬಾಗಿಲು ತೆರೆದು ಎದೆಮಟ್ಟದ ದುಂಡು ಉರುಳೆಯೊಂದನ್ನು ಇಳಿಸುವ ಬೇಲರ್ ಅದು. ಈಗ ಆ ಹಿಂಬಾಗಿಲಿಗೆ ನಿಮ್ಮ ತಂತಿ, ತಂತಿಯ ತುದಿಗೆ ನಿಮ್ಮ ಸೀಸದ ಮುದ್ರೆ, ಪಕ್ಕದಲ್ಲಿ ಅಂಟಿಸಿದ ಕಾಗದದಲ್ಲಿ 'ಅನಧಿಕೃತ ವಸತಿ ಕಟ್ಟಡದ ನಿರ್ಮಾಣಕ್ಕೆ ಬಳಸಲಾದ ಸಾಧನ' ಎಂಬ ಒಕ್ಕಣೆ. ಯಂತ್ರದ ಎದುರಿಗೆ ಹನ್ನೊಂದು ಎಕರೆ ಹುಲ್ಲು ಕೊಯ್ದು ಬಿದ್ದಿದೆ. ಶನಿವಾರ ಮಳೆ ಎಂದು ರೇಡಿಯೋ ಹೇಳುತ್ತಿದೆ. ಈ ಪತ್ರ ಪತ್ರಿಕೆಯಲ್ಲಿ ಅಚ್ಚಾಗಿ ನಿಮ್ಮ ಮೇಜಿಗೆ ಬರುವುದು ಗುರುವಾರ. ಉಳಿದ ಲೆಕ್ಕವನ್ನು ತಾವೇ ಮಾಡಬಲ್ಲಿರಿ ಎಂದು ನಂಬಿದ್ದೇನೆ. ತಮ್ಮ ಕಚೇರಿಯ ಲೆಕ್ಕದಲ್ಲಿ ನನಗೆ ನಂಬಿಕೆ ಕಡಿಮೆಯಾಗಿ ಬಹಳ ದಿನವಾದರೂ.

ಆ ಅನಧಿಕೃತ ಕಟ್ಟಡವನ್ನು ಕಟ್ಟಿದವಳು ನಾನು. ಅಂದರೆ, ಬರೆದವಳು. ಹೇಗೆಂದು ವಿವರವಾಗಿ ಹೇಳುತ್ತೇನೆ. ನಿಮ್ಮ ಕಡತದಲ್ಲಿ ಇದೊಂದು ವಿವರ ಬಿಟ್ಟು ಉಳಿದೆಲ್ಲವೂ ಇದೆ ಎಂದು ಕೇಳಿದ್ದೇನೆ.

ಬೇಲರ್ ನನ್ನ ಸೋದರತ್ತೆಯದು. ಏಳು ವರ್ಷದ ಹಿಂದೆ ಯಾರೋ ಬಳಸಿ ಬಿಟ್ಟಿದ್ದನ್ನು ತಂದು, ಬೆಲ್ಟು ಬದಲಿಸಿ, ಬೇರಿಂಗು ಬದಲಿಸಿ, ಬೈದು, ಓಲೈಸಿ ದಾರಿಗೆ ತಂದಿದ್ದಾರೆ. ನಮ್ಮ ಸುತ್ತಲಿನ ನಾಲ್ಕು ಹೊಲಮನೆಗಳಿಗೆ ಅದೊಂದೇ ಯಂತ್ರ. ಅತ್ತೆಯ ಇಪ್ಪತ್ತಮೂರು ಹಸುಗಳು ಹೊಲದಲ್ಲಿ ಹಸಿರಿಲ್ಲದ ನಾಲ್ಕು ತಿಂಗಳು ಬದುಕುವುದು ಅದು ಸುತ್ತಿಟ್ಟ ಉರುಳೆಗಳಿಂದ. ಹಾಗಾಗಿ ಯಂತ್ರವನ್ನು ಮುಟ್ಟಲು ಅತ್ತೆ ಎಲ್ಲರಿಗೂ ಬಿಡುವುದಿಲ್ಲ. ನನಗೆ ಬಿಟ್ಟಿದ್ದು ಈ ವರ್ಷ, ಮೊದಲ ಕೊಯ್ಲಿನಲ್ಲಿ.

ಮಾನ್ಯರೇ, ನೀವು ಕಡತಗಳನ್ನು ನೇರವಾಗಿ ಓಡಿಸಿ ಅಭ್ಯಾಸವಿರುವವರು. ಬೇಲರನ್ನು ಹಾಗೆ ಓಡಿಸುವಂತಿಲ್ಲ. ಹುಲ್ಲಿನ ಸಾಲು ಯಂತ್ರದ ಬಾಯಿಗಿಂತ ಕಿರಿದು. ಸಾಲಿನ ಮೇಲೆ ನೇರ ಹೋದರೆ ಹುಲ್ಲೆಲ್ಲ ನಡುಮಧ್ಯಕ್ಕೆ ಸೇರಿ ಉರುಳೆಗೆ ಹೊಟ್ಟೆ ಬರುತ್ತದೆ. ಅದಕ್ಕೆ ಸ್ವಲ್ಪ ದೂರ ಎಡಕ್ಕೆ ಸರಿದು ಓಡಿಸಬೇಕು, ಸ್ವಲ್ಪ ದೂರ ಬಲಕ್ಕೆ. ಎರಡೂ ಅಂಚು ಸಮನಾಗಿ ತುಂಬಬೇಕು. ನಾನು ಎಡಕ್ಕೆ ಹೋದೆ. ಬಲಕ್ಕೆ ಬರುವುದನ್ನು ಮರೆತೆ. ಹೊರಬಂದ ಹನ್ನೆರಡು ಉರುಳೆಗಳಲ್ಲಿ ಹನ್ನೊಂದು ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ. ದೊಡ್ಡ ದೊಡ್ಡ ಮೂಲಂಗಿಗಳ ಹಾಗೆ. ಹನ್ನೆರಡನೆಯದಕ್ಕೆ ಹುರಿ ಕಟ್ಟುವುದೇ ಮರೆತು ಹೋಗಿತ್ತು. ಅದು ಹಿಂಬಾಗಿಲಿನಿಂದ ಇಳಿದದ್ದೇ, ಹಾಸಿಗೆಯ ಮೇಲೆ ಬಿದ್ದ ಸುಸ್ತಾದ ಮನುಷ್ಯನಂತೆ ಉಸ್ಸೆಂದು ಬಿಚ್ಚಿಕೊಂಡಿತು.

"ಲೇ ತರಲೆ," ಎಂದರು ಅತ್ತೆ ಅದನ್ನು ನೋಡಿ. ಮನೆಯಲ್ಲಿ ನನ್ನ ಹೆಸರೇ ಅದು. "ಇವನ್ನ ಕೊಟ್ಟಿಗೆಗೆ ತರ್ಬೇಡ. ಪಕ್ಕದಲ್ಲಿರೋ ಉರುಳೆಗಳಿಗೆ ಬೇಜಾರಾಗತ್ತೆ. ರಸ್ತೆ ಪಕ್ಕ ಒಟ್ಟು, ಮೊದಲು ಅವನ್ನೇ ತಿನ್ನಿಸಿ ಮುಗ್ಸೋಣ."

ಒಟ್ಟಿದೆ. ದಪ್ಪ ಕಡೆ ಒಳಗೆ, ಸಣ್ಣ ಕಡೆ ಹೊರಗೆ. ಆದರೂ ವಾಲಿತು. ಹೋಗುವವರು ಬರುವವರೆಲ್ಲ ನಿಂತು ನೋಡಿದರು. ಪಕ್ಕದ ಹೊಲದ ಮೀಸೆ ಮಾವ ಸೈಕಲ್ ನಿಲ್ಲಿಸಿ, "ಏನಮ್ಮ, ಭೂಕಂಪ ಆಯ್ತಾ?" ಎಂದು ಕಾಳಜಿಯಿಂದ ವಿಚಾರಿಸಿದರು. ಅವಮಾನ ಮುಚ್ಚಿಕೊಳ್ಳಲು ಮನುಷ್ಯರು ಎರಡು ದಾರಿ ಹಿಡಿಯುತ್ತಾರೆ. ಕೆಲಸ ಕಲಿಯುವುದು ಒಂದು, ಬಣ್ಣ ಬಳಿಯುವುದು ಇನ್ನೊಂದು. ಕೊಟ್ಟಿಗೆಯಲ್ಲಿ ಅರ್ಧ ಡಬ್ಬ ನೀಲಿ ಬಣ್ಣ ಇತ್ತು. ಹಳೆಯ ಚೀಲದ ಬಟ್ಟೆಯ ಮೇಲೆ ಒಂದು ಬಾಗಿಲು, ಎರಡು ಕಿಟಕಿ, ಕಿಟಕಿಯಲ್ಲಿ ಒಂದು ಹೂಕುಂಡ ಬರೆದು ಉರುಳೆಗಳಿಗೆ ಹೊಲಿದೆ. ಬಾಗಿಲಿನ ಮೇಲೆ ಮನೆ ನಂಬರು: ೧೪/ಬಿ. ನಮ್ಮ ಮನೆ ಹದಿನಾಲ್ಕು, ಅದಕ್ಕೆ. ತಮಾಷೆ ಅಲ್ಲಿಗೆ ಮುಗಿಯಬೇಕಿತ್ತು. ದುರದೃಷ್ಟವಶಾತ್ ಆ ದಾರಿಯಲ್ಲಿ ತಮ್ಮ ಪರಿವೀಕ್ಷಕರ ಜೀಪು ಹೋಯಿತು. ಅದು ನಿಲ್ಲಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ನಿಂತಿದ್ದರೆ ನಾನು ಈ ಪತ್ರ ಬರೆಯುವ ಅಗತ್ಯ ಇರಲಿಲ್ಲ.

ಹತ್ತು ದಿನದಲ್ಲಿ '೧೪/ಬಿ ಮನೆಯ ನಿವಾಸಿಗಳಿಗೆ' ನೋಟಿಸು ಬಂತು. ಪರವಾನಗಿ ಇಲ್ಲದೆ ಕಟ್ಟಿದ್ದೀರಿ, ಗೋಡೆಗಳು ಲಂಬವಾಗಿಲ್ಲ, ರಸ್ತೆಯಿಂದ ಬಿಡಬೇಕಾದಷ್ಟು ಜಾಗ ಬಿಟ್ಟಿಲ್ಲ. ಗೋಡೆಯ ವಿಷಯದಲ್ಲಿ ನಿಮ್ಮವರ ಕಣ್ಣು ಬಹಳ ಸೂಕ್ಷ್ಮ, ಒಪ್ಪುತ್ತೇನೆ. ಆದರೆ ಆ ನೋಟಿಸು ನಮ್ಮ ಮನೆಗೆ ಬಂದದ್ದಲ್ಲ. ಹೊಸದಾಗಿ ಬಂದ ಅಂಚೆಯಣ್ಣ ಅದನ್ನು ನೀಲಿ ಬಾಗಿಲಿನ ಸಂದಿಯಲ್ಲಿ, ಹುರಿಯ ಕೆಳಗೆ ನೀಟಾಗಿ ಸಿಕ್ಕಿಸಿ, ತನ್ನ ಪುಸ್ತಕದಲ್ಲಿ 'ತಲುಪಿಸಲಾಗಿದೆ' ಎಂದು ಬರೆದುಕೊಂಡು ಹೋಗಿದ್ದ. ಆಮೇಲೆ ಸಿಕ್ಕಾಗ ಕೇಳಿದೆ.

"ಅಲ್ಲಣ್ಣ, ಹುಲ್ಲಿಗೆ ಕಾಗದ ಕೊಟ್ಟು ಹೋಗಿದ್ದೀಯಲ್ಲ?"

"ನಂಬರ್ ಇತ್ತು, ಬಾಗಿಲು ಇತ್ತು," ಎಂದ ಅವನು, ಒಂದಿಷ್ಟೂ ನಾಚಿಕೆಯಿಲ್ಲದೆ. "ತಟ್ಟಿದೆ, ಯಾರೂ ತೆಗೀಲಿಲ್ಲ. ಎಷ್ಟೋ ಮನೇಲಿ ಹಂಗೇ ಮಾಡ್ತಾರೆ."

ಕಾಗದ ತಲುಪಿದೆ, ಆದ್ದರಿಂದ ಮನೆ ಇದೆ. ಇದು ನಿಮ್ಮ ಕಚೇರಿಯ ತರ್ಕ. ಇದನ್ನು ಮುರಿಯಲು ನಾನು ಪ್ರಯತ್ನಿಸಬಹುದಿತ್ತು. ಬದಲಿಗೆ ಪೋಷಿಸಿದೆ, ಇದೇ ನನ್ನ ಎರಡನೆಯ ತಪ್ಪು. ನೋಟಿಸಿನ ಜೊತೆಗಿದ್ದ ನಮೂನೆಯನ್ನು ತುಂಬಿ ಕಳಿಸಿದೆ. ನಿವಾಸಿಗಳ ಸಂಖ್ಯೆ: ಅಂದಾಜು ನಲವತ್ತು, ಹೆಚ್ಚಿನವರು ಇಲಿಗಳು. ಕಟ್ಟಡದ ಬಳಕೆ: ವಾಸಕ್ಕೆ, ನಂತರ ಆಹಾರಕ್ಕೆ. ಬೆಂಕಿ ಸುರಕ್ಷತೆ: ಇಲ್ಲವೇ ಇಲ್ಲ. ಇದನ್ನು ಓದಿದವರು ನಗುತ್ತಾರೆ, ನಕ್ಕವರು ಕಡತ ಮುಚ್ಚುತ್ತಾರೆ ಎಂದುಕೊಂಡಿದ್ದೆ. ಓದದೆಯೇ ಮುಂದಿನ ಮೇಜಿಗೆ ದಾಟಿಸಬಹುದು ಎಂಬ ಮೂರನೆಯ ದಾರಿ ನನಗೆ ಹೊಳೆದಿರಲಿಲ್ಲ. ಮರಳಿ ಬಂದ ಪತ್ರದಲ್ಲಿ 'ಒಂದೇ ಕಟ್ಟಡದಲ್ಲಿ ನಲವತ್ತು ಜನರ ವಾಸ ಅಕ್ಷಮ್ಯ' ಎಂದಿತ್ತು. ಹದಿನೈದು ದಿನದೊಳಗೆ ತೆರವುಗೊಳಿಸಿ ಎಂದೂ ಇತ್ತು.

ತೆರವು ಕಾರ್ಯ ತನ್ನಷ್ಟಕ್ಕೆ ತಾನು ನಡೆದಿತ್ತು. ದಿನಕ್ಕೊಂದು ಉರುಳೆಯಂತೆ ಹಸುಗಳು ಮೊದಲು ಚಾವಣಿ, ಆಮೇಲೆ ಕಿಟಕಿ ಇದ್ದ ಗೋಡೆ, ಕೊನೆಗೆ ಬಾಗಿಲು ಹೀಗೆ ಕ್ರಮಬದ್ಧವಾಗಿ ತಿಂದು ಮುಗಿಸಿದವು. ಮೂಲಂಗಿ ಆಕಾರದ ಬಗ್ಗೆ ಒಂದೂ ತಕರಾರು ಮಾಡಲಿಲ್ಲ. ನಿಮ್ಮ ಪರಿವೀಕ್ಷಕರು ಎರಡನೇ ಸಲ ಬಂದಾಗ, ಈ ಸಲ ಜೀಪಿನಿಂದ ಇಳಿದರು ಎಂದು ಸಂತೋಷದಿಂದ ದಾಖಲಿಸುತ್ತೇನೆ, ಅಲ್ಲಿ ಬರಿಯ ನೆಲ ಇತ್ತು. ಅವರು ನೆಲವನ್ನು ನೋಡಿದರು, ಕಡತವನ್ನು ನೋಡಿದರು, ಮತ್ತೆ ನೆಲವನ್ನು ನೋಡಿದರು. ಆ ಎರಡರಲ್ಲಿ ಸುಳ್ಳು ಹೇಳಲಾರದ್ದು ಕಡತವೇ ಎಂದು ತೀರ್ಮಾನಿಸಿದರು. 'ಪೂರ್ವಾನುಮತಿ ಇಲ್ಲದೆ ಕಟ್ಟಡ ನೆಲಸಮ' ಎಂಬ ಹೊಸ ಆರೋಪ ಹುಟ್ಟಿದ್ದು ಹೀಗೆ. "ಇದನ್ನ ಕಟ್ಟಿದ್ದು ಯಾವುದ್ರಲ್ಲಿ?" ಎಂದು ಅವರು ಕೇಳಿದರು. ನಾನು, ಬೇರೆ ಯಾರೂ ಅಲ್ಲ, ಮೈ ಬಗ್ಗಿಸಿ ನಮಸ್ಕರಿಸಿ ಬೇಲರ್ ಕಡೆ ಬೆರಳು ತೋರಿಸಿದೆ.

ಇಲ್ಲಿಯವರೆಗೆ ನಕ್ಕಿದ್ದವರಲ್ಲಿ ನಾನೂ ಒಬ್ಬಳು. ಸೋಮವಾರ ಆ ನಗು ನಿಂತಿತು.

ಸೋಮವಾರ ಬೆಳಿಗ್ಗೆ ಎರಡನೇ ಕೊಯ್ಲಿನ ಹುಲ್ಲು ಹದವಾಗಿ ಒಣಗಿತ್ತು. ಅತ್ತೆ ಒಂದು ಹಿಡಿ ಎತ್ತಿ, ಕಿವಿಯ ಬಳಿ ಹಿಡಿದು ತಿರುಚಿದರು. ಹುಲ್ಲು ಚಿಟಿಚಿಟಿ ಎನ್ನಬೇಕು, ಆದರೆ ಪುಡಿಯಾಗಬಾರದು. ಅದು ಹಾಗೆಯೇ ಎಂದಿತು. ಟ್ರ್ಯಾಕ್ಟರ್ ಏರಿದರು. ಮೊದಲ ಉರುಳೆ ಅರ್ಧ ಸುತ್ತಿಕೊಂಡಿದ್ದಾಗ ನಿಮ್ಮ ಮೂವರು ಬಂದು ಕೈ ಅಡ್ಡ ಮಾಡಿದರು. ಅರ್ಧ ಉರುಳೆ ಈಗಲೂ ಯಂತ್ರದ ಹೊಟ್ಟೆಯಲ್ಲೇ ಇದೆ. ಹಿಂಬಾಗಿಲಿಗೆ ಸೀಲು ಬಿದ್ದಿರುವುದರಿಂದ ಹೆರಿಗೆ ಸಾಧ್ಯವಿಲ್ಲ.

ಮಂಗಳವಾರ ಅತ್ತೆಯ ಜೊತೆ ನಿಮ್ಮ ಕಚೇರಿಗೆ ಬಂದಿದ್ದೆ. ನೀವು ಸಭೆಯಲ್ಲಿದ್ದಿರಿ. ನಾಲ್ಕನೇ ಕಿಟಕಿಯ ಗುಮಾಸ್ತರು ಒಳ್ಳೆಯವರು, ಅತ್ತೆಗೆ ತಮ್ಮ ಕುರ್ಚಿಯನ್ನೇ ಕೊಟ್ಟರು. ಆಮೇಲೆ ಒಂದು ನಮೂನೆ ಮುಂದಿಟ್ಟರು. ಅದರಲ್ಲಿ ಎರಡೇ ಕಾಲಂ: 'ಕಟ್ಟಡವನ್ನು ಸಕ್ರಮಗೊಳಿಸಲು ಕೋರುತ್ತೇನೆ', 'ಕಟ್ಟಡವನ್ನು ಕೆಡವಿದ್ದೇನೆ'.

"ಕೆಡವಿದ್ದೇನೆ ಅನ್ನೋದಕ್ಕೆ ಟಿಕ್ ಹಾಕಿ ಸಹಿ ಮಾಡಿ ಅಮ್ಮ. ನಾಳೆನೇ ಸೀಲ್ ತೆಗೀತೀವಿ."

"ಮನೆ ಇರ್ಲಿಲ್ವಲ್ಲಪ್ಪ," ಎಂದರು ಅತ್ತೆ.

"ಇರ್ಲಿಲ್ಲ ಅನ್ನೋಕೆ ಕಾಲಂ ಇಲ್ಲ."

"ಕೆಡವಿದೆ ಅಂತ ಬರೆದ್ರೆ, ಕಟ್ಟಿದ್ದೆ ಅಂತ ಆಗಲ್ವಾ?"

ಗುಮಾಸ್ತರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ಆಗತ್ತೆ. ಆದ್ರೆ ಅದನ್ನ ಯಾರು ನೋಡ್ತಾರೆ ಬಿಡಿ."

"ನಾನು ನೋಡಿದ್ನಲ್ಲ ಈಗ," ಎಂದು ಅತ್ತೆ ಎದ್ದರು.

ನಾನು ಸಹಿ ಮಾಡುತ್ತೇನೆ ಎಂದೆ, ಆ ಕಾಗದದ ಮೇಲೆ, ಬೇಕಾದರೆ ಗೋಡೆಯ ಮೇಲೆ. ಯಂತ್ರದ ಒಡೆಯರದೇ ಸಹಿ ಬೇಕಂತೆ. ಮೆಟ್ಟಿಲಿಳಿಯುವಾಗ ಅತ್ತೆಯ ಹಿಂದೆ ಬಿದ್ದೆ. ಒಂದು ಸಹಿ ಅತ್ತೆ, ಒಂದೇ ಒಂದು, ಹುಲ್ಲು ಉಳಿಯುತ್ತದೆ. ಅವರು ನಿಂತು ನನ್ನನ್ನು ನೋಡಿದರು. ಬೈದಿದ್ದರೆ ಸುಲಭವಿತ್ತು.

"ಏಳು ವರ್ಷದಿಂದ ನಾಲ್ಕು ಮನೆಯವ್ರು ನನ್ನ ಮಾತಿನ ಮೇಲೆ ಹುಲ್ಲು ಕೊಯ್ತಾರೆ," ಎಂದರು. "ನಾಡಿದ್ದು ಬರ್ತೀನಿ ಅಂದ್ರೆ ಕೊಯ್ದು ಹಾಕಿರ್ತಾರೆ. ಕಾಗದ ಇಲ್ಲ, ಸಹಿ ಇಲ್ಲ, ಬರೀ ಮಾತು. ನಾನು ಮಾಡದೇ ಇರೋದನ್ನ ಮಾಡಿದ್ದೀನಿ ಅಂತ ಬರ್ಕೊಟ್ರೆ, ಆ ಮಾತಿಗೇನು ಬೆಲೆ? ನಿನ್ನ ತಮಾಷೆ. ನೀನೇ ಬಿಡಿಸು."

ಬಿಡಿಸುತ್ತಿದ್ದೇನೆ, ಮಾನ್ಯರೇ. ಈ ಪತ್ರ ಅದಕ್ಕೇ. ಬಾಗಿಲು ಬರೆದದ್ದು ನಾನು, ಇಲಿಗಳನ್ನು ಎಣಿಸಿದ್ದು ನಾನು, ಬೆರಳು ತೋರಿಸಿದ್ದೂ ನಾನು ಎಂದು ಊರೆಲ್ಲ ಓದುವ ಕಾಗದದಲ್ಲಿ ಹೇಳಿದ್ದೇನೆ. ಇದಕ್ಕೆ ಯಾವ ಶಿಕ್ಷೆ ಇದೆಯೋ ಕೊಡಿ. ನಿಮ್ಮ ನಿಯಮಪುಸ್ತಕದಲ್ಲಿ ಇದಕ್ಕೆ ಸರಿಯಾದ ಶಿಕ್ಷೆ ಇಲ್ಲದಿದ್ದರೆ ಹೊಸದಾಗಿ ರಚಿಸಿ, ನಮೂನೆ ತುಂಬಲು ನಾನು ಬರುತ್ತೇನೆ. ಆದರೆ ಹುಲ್ಲು ಏನು ಮಾಡಿತು? ಇಪ್ಪತ್ತಮೂರು ಹಸುಗಳು ಯಾವ ಅರ್ಜಿಗೆ ಸುಳ್ಳು ಉತ್ತರ ಕೊಟ್ಟವು? ಮೀಸೆ ಮಾವ ಬುಧವಾರ ಬೇಲರ್ ಬರುತ್ತದೆ ಎಂದು ಆರು ಎಕರೆ ಕೊಯ್ದು ಕೂತಿದ್ದಾರೆ. ಅವರು ಭೂಕಂಪದ ಮಾತು ಈಗ ಎತ್ತುವುದಿಲ್ಲ. ಅದು ಬೈಗುಳಕ್ಕಿಂತ ಕಷ್ಟ.

ಮೂರು ದಿನದಿಂದ ಹುಲ್ಲನ್ನು ಕೈಯಲ್ಲಿ ತಿರುವಿ ಹಾಕುತ್ತಿದ್ದೇವೆ, ಅಡಿಯಲ್ಲಿ ಇಬ್ಬನಿ ಕೂತು ಮುಗ್ಗಬಾರದಲ್ಲ. ಒಂದೊಂದು ಸಲ ತಿರುವಿದಾಗಲೂ ಎಲೆ ಉದುರುತ್ತದೆ, ಕಡ್ಡಿ ಉಳಿಯುತ್ತದೆ. ಹಾಲು ಇರುವುದು ಎಲೆಯಲ್ಲಿ. ಅಂದರೆ ಮಳೆ ಬಾರದಿದ್ದರೂ ನಿಮ್ಮ ಸೀಲು ದಿನಾ ಒಂದಿಷ್ಟು ತಿನ್ನುತ್ತಿದೆ, ಹಸುಗಳಿಗಿಂತ ಶಿಸ್ತಾಗಿ.

ನನ್ನ ಬೇಡಿಕೆ ಸರಳ. ಶುಕ್ರವಾರ ಬೆಳಿಗ್ಗೆ ಇಬ್ಬನಿ ಆರುವ ಹೊತ್ತಿಗೆ, ಅಂದರೆ ಹತ್ತೂವರೆಗೆ, ನೀವೇ ಬನ್ನಿ. ಪರಿವೀಕ್ಷಕರನ್ನು ಕಳಿಸಬೇಡಿ, ಅವರು ಈಗಾಗಲೇ ಎರಡು ಸಲ ನೋಡಿದ್ದಾರೆ. ರಸ್ತೆ ಪಕ್ಕದ ಆ ನೆಲದ ಮೇಲೆ ನಿಂತು ಅಡಿಪಾಯವೊಂದನ್ನು ಹುಡುಕಿ. ಸಿಕ್ಕಿದರೆ ನನ್ನನ್ನು ಕರೆದುಕೊಂಡು ಹೋಗಿ. ಸಿಗದಿದ್ದರೆ ನಿಮ್ಮ ನಮೂನೆಯಲ್ಲಿ ಎರಡು ಕಾಲಂಗಳ ಕೆಳಗೆ ನಿಮ್ಮದೇ ಪೆನ್ನಿನಲ್ಲಿ ಮೂರನೆಯದೊಂದನ್ನು ಬರೆಯಿರಿ: 'ಇಂಥ ಕಟ್ಟಡ ಇರಲಿಲ್ಲ'. ಅದರ ಕೆಳಗೆ ಅತ್ತೆ ಸಂತೋಷವಾಗಿ ಸಹಿ ಹಾಕುತ್ತಾರೆ. ಆಮೇಲೆ ತಂತಿ ಕತ್ತರಿಸಿ. ಹನ್ನೊಂದಕ್ಕೆ ಶುರು ಮಾಡಿದರೆ ಕತ್ತಲಾಗುವುದರೊಳಗೆ ನಮ್ಮದೂ ಮುಗಿಯುತ್ತದೆ, ಮೀಸೆ ಮಾವನದೂ.

ಇನ್ನೊಂದು ವಿಷಯ, ತಾವು ಯೋಚಿಸಬಹುದು ಎಂದು ಹೇಳುತ್ತಿದ್ದೇನೆ. ಆ ತಂತಿ ಬಹಳ ತೆಳು. ಕಟಿಂಗ್ ಪ್ಲೇಯರು ಮೂರು ದಿನದಿಂದ ನನ್ನ ಜೇಬಿನಲ್ಲಿದೆ. ಬೇಲರ್ ಪಕ್ಕದಲ್ಲಿ ದಿನಕ್ಕೆ ಹತ್ತು ಸಲ ಹಾದು ಹೋಗುತ್ತೇನೆ. ಎರಡು ನಿಮಿಷದ ಕೆಲಸ, ನನ್ನ ಮಟ್ಟಿಗೆ ಹುಟ್ಟುಗುಣ. ನಿನ್ನೆ ಅತ್ತೆ ನನ್ನ ಕೈ ಜೇಬಿಗೆ ಹೋದದ್ದನ್ನು ನೋಡಿದರು, ಬೆನ್ನು ತಿರುಗಿಸಿ ತಮ್ಮ ಸಾಲಿಗೆ ಹೋದರು. ನನ್ನ ಮೇಲೆ ಅಷ್ಟು ನಂಬಿಕೆಯಿಟ್ಟು ಯಾರೂ ಬೆನ್ನು ತಿರುಗಿಸಿದ್ದಿಲ್ಲ. ಪ್ಲೇಯರು ಜೇಬಿನಲ್ಲೇ ಉಳಿಯಿತು. ಶುಕ್ರವಾರ ನೀವು ತರುವುದು ಮರೆತರೆ ಇದನ್ನೇ ಕೊಡುತ್ತೇನೆ, ಹಿಡಿ ನಿಮ್ಮ ಕಡೆಗೆ ಮಾಡಿ.

ಇಂತಿ, ಬೊಬ್ಬೆ ಎದ್ದ ಕೈಯಲ್ಲಿ ಹುಲ್ಲು ತಿರುವುತ್ತಾ, ಎಡದಿಂದ ಮೂರನೇ ಸಾಲಿನಲ್ಲಿ ತಮ್ಮ ದಾರಿ ಕಾಯುತ್ತಿರುವ,
ಈ ಸಲ ನಿಜ ಹೇಳಿದ ತರಲೆ